ಮಳೆಮಾಪಕದ ಹಳೆಯ ಲೆಕ್ಕವನ್ನು ನೋಡುವುದು, ಇಳಿಸಿಕೊಳ್ಳುವುದು ಹೇಗೆ: ಥಿಂಗ್‌ಸ್ಪೀಕ್ ಬಳಸುವ ತೋಟದವರಿಗೆ ಸಮಗ್ರ ಮಾರ್ಗದರ್ಶಿ

ಪುಷ್ಯ ಮಳೆ ಹಿಡಿಯುವ ಹೊತ್ತಿಗೆ ತೀರ್ಥಹಳ್ಳಿ, ಹೊಸನಗರ ಕಡೆಯ ಅಡಿಕೆ ತೋಟಗಳಲ್ಲಿ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ. ಮೊದಲ ಸಲ ಬೋರ್ಡೋ ಮದ್ದು ಹೊಡೆದ ಮೇಲೆ ಎಷ್ಟು ಮಳೆ ಬಿತ್ತು? ನಡುವೆ ಬಿಡುವು ಸಿಕ್ಕಿದ್ದು ಎಷ್ಟು ದಿನ? ಕೊಳೆರೋಗಕ್ಕೆ ಮುಂಗಾರಿಗೆ ಮುಂಚೆ ಒಂದು ಸಲ, ಮತ್ತೆ 40ರಿಂದ 45 ದಿನ ಬಿಟ್ಟು ಇನ್ನೊಂದು ಸಲ ಶೇಕಡಾ 1ರ ಬೋರ್ಡೋ ದ್ರಾವಣ ಹೊಡೆಯುವುದು ವಾಡಿಕೆ. ಆದರೆ ಮರ ಹತ್ತಿ ಮದ್ದು ಹೊಡೆಯುವ ಕೊನೆಗಾರ ಸಿಗುವ ದಿನ, ಮಳೆ ಬಿಡುವ ದಿನ, ಮದ್ದು ಹೊಡೆಯಬೇಕಾದ ದಿನ ಮೂರೂ ಒಂದಾಗುವುದು ಅಪರೂಪ. ಆಗ ನೆನಪನ್ನು ನಂಬಿ ನಿರ್ಧರಿಸುವುದಕ್ಕಿಂತ ಲೆಕ್ಕವನ್ನು ನೋಡಿ ನಿರ್ಧರಿಸುವುದು ಮೇಲು.

ಈಗ ಹಲವರ ತೋಟದಲ್ಲಿ ಆ ಲೆಕ್ಕ ಇಡುವ ಚಿಕ್ಕ ಯಂತ್ರವಿದೆ. ನಮ್ಮದು ಐದು ನಿಮಿಷಕ್ಕೊಮ್ಮೆ ಮಳೆ, ಉಷ್ಣತೆ, ಗಾಳಿಯ ತೇವ, ಮಣ್ಣಿನ ತೇವ ನಾಲ್ಕನ್ನೂ ಕಳಿಸುತ್ತದೆ. ಇದಕ್ಕೂ ಮೊದಲು ಒಂದು ಕಂಪನಿಯ ಯಂತ್ರ ಹಾಕಿಸಿದ್ದೆವು. ವಾರ್ಷಿಕ ಚಂದಾ ನಿಲ್ಲಿಸಿದ ತಿಂಗಳೇ ಅವರ ಪುಟ ಮುಚ್ಚಿಕೊಂಡಿತು. ಎರಡು ಮಳೆಗಾಲದ ಲೆಕ್ಕ ಅದರೊಂದಿಗೇ ಹೋಯಿತು. ಅಪ್ಪ ಪ್ರತಿ ಬೆಳಿಗ್ಗೆ ಇಂಚಿನಲ್ಲಿ ಬರೆದಿಟ್ಟ ಮಳೆಯ ಪುಸ್ತಕ ಮಾತ್ರ ಅಟ್ಟದ ಮೇಲೆ ಹಾಗೆಯೇ ಇತ್ತು. ಅಂದಿನಿಂದ ಸೆನ್ಸರ್ ಕಳಿಸಿದ ಪ್ರತಿಯೊಂದು ಅಂಕಿಯ ಪ್ರತಿಯೂ ನನ್ನ ಕಂಪ್ಯೂಟರಿನಲ್ಲಿ ಇರಲೇಬೇಕು ಎಂದು ನಿಯಮ ಮಾಡಿಕೊಂಡಿದ್ದೇನೆ. ಅದನ್ನು ಪಾಲಿಸುವ ದಾರಿಯನ್ನು ಇಲ್ಲಿ ಹಂತ ಹಂತವಾಗಿ ಬರೆಯುತ್ತಿದ್ದೇನೆ.

ಉದಾಹರಣೆಗೆ, ಸೆನ್ಸರ್ ಕಳಿಸುವ ಅಂಕಿಗಳನ್ನು ಅಂತರ್ಜಾಲದಲ್ಲಿ ಕೂಡಿಡುವ ಥಿಂಗ್‌ಸ್ಪೀಕ್ ವೇದಿಕೆಯನ್ನು ತೆಗೆದುಕೊಂಡಿದ್ದೇನೆ. ಮ್ಯಾಥ್‌ವರ್ಕ್ಸ್ ಸಂಸ್ಥೆ ನಡೆಸುವ ಇದರಲ್ಲಿ ಉಚಿತ ಖಾತೆ ಸಿಗುತ್ತದೆ, ಒಂದು ಚಾನೆಲ್‌ನಲ್ಲಿ (ಯಂತ್ರದ ಲೆಕ್ಕದ ಪುಸ್ತಕವಿದ್ದಂತೆ) 8 ಫೀಲ್ಡ್‌ಗಳವರೆಗೆ (ಮಳೆ, ಉಷ್ಣತೆಯಂಥ ಒಂದೊಂದು ಅಳತೆಗೂ ಒಂದು ಅಂಕಣ) ಇಡಬಹುದು, ಉಚಿತ ಖಾತೆಯಲ್ಲಿ 15 ಸೆಕೆಂಡಿಗೊಮ್ಮೆ ದಾಖಲೆ ಕಳಿಸಬಹುದು. ತೋಟಕ್ಕೆ ಇದು ಧಾರಾಳ.

ಹಳೆಯ ದಾಖಲೆ ಅಳಿಸಿಹೋಗಿಲ್ಲ

ಹೊಸಬರು ಮೊದಲು ಗಾಬರಿಯಾಗುವುದು ಇಲ್ಲಿ. ಚಾನೆಲ್ ತೆರೆದರೆ ಗ್ರಾಫಿನಲ್ಲಿ ಬೆಳಗಿನಿಂದೀಚಿನ ಮಳೆ ಮಾತ್ರ ಕಾಣುತ್ತದೆ, ನಿನ್ನೆಯದು ಇಲ್ಲ. ಕಾರಣ ಸರಳ. ಗ್ರಾಫ್ ತಾನಾಗಿ ತೋರಿಸುವುದು ಕೊನೆಯ 60 ದಾಖಲೆಗಳನ್ನು ಮಾತ್ರ. ಐದು ನಿಮಿಷಕ್ಕೊಂದರಂತೆ 60 ಎಂದರೆ ಬರೀ ಐದು ಗಂಟೆ. ಉಳಿದದ್ದೆಲ್ಲ ಸರ್ವರ್‌ನಲ್ಲಿ ಭದ್ರವಾಗಿದೆ, ಕಾಣುತ್ತಿಲ್ಲ ಅಷ್ಟೇ.

ಖಾತೆಗೆ ಲಾಗಿನ್ ಆಗಿ ನಿಮ್ಮ ಚಾನೆಲ್ ಆರಿಸಿ, ಪ್ರೈವೇಟ್ ವ್ಯೂ ತೆರೆಯಿರಿ. ಮಳೆಯ ಗ್ರಾಫಿನ ಮೇಲಂಚಿನಲ್ಲಿ ಪೆನ್ಸಿಲ್ ಗುರುತು ಇರುತ್ತದೆ. ಒತ್ತಿದರೆ ಆಯ್ಕೆಗಳ ಪಟ್ಟಿ ಬರುತ್ತದೆ. ಅಲ್ಲಿ ಡೇಸ್ ಎಂಬಲ್ಲಿ 14 ಎಂದು ತುಂಬಿ, ರಿಸಲ್ಟ್ಸ್ ಎಂಬಲ್ಲಿರುವ 60ನ್ನು ಅಳಿಸಿ ಖಾಲಿ ಬಿಡಿ. ಎರಡನ್ನೂ ತುಂಬಿದರೆ ರಿಸಲ್ಟ್ಸ್ ಮಾತೇ ಗೆಲ್ಲುತ್ತದೆ, ಡೇಸ್‌ಗೆ ಬೆಲೆಯಿಲ್ಲ. ಸೇವ್ ಒತ್ತಿದರೆ ಎರಡು ವಾರದ ಮಳೆ ಒಂದೇ ಗೆರೆಯಲ್ಲಿ ಬರುತ್ತದೆ.

ಬರೀ ಗೆರೆ ಸಾಲದು. ಅದೇ ಪಟ್ಟಿಯಲ್ಲಿ ಆವರೇಜ್, ಮೀಡಿಯನ್, ಸಮ್ ಎಂಬ ಮೂರು ಆಯ್ಕೆಗಳಿವೆ. ಒಂದಷ್ಟು ನಿಮಿಷಗಳ ದಾಖಲೆಗಳನ್ನು ಅವು ಒಟ್ಟುಮಾಡಿ ತೋರಿಸುತ್ತವೆ: 10, 15, 20, 30, 60, 240, 720, 1440 ನಿಮಿಷ. ಮಳೆಗೆ ಯಾವಾಗಲೂ ಸಮ್, ಅಂದರೆ ಮೊತ್ತ. ಉಷ್ಣತೆಗೆ ಆವರೇಜ್, ಅಂದರೆ ಸರಾಸರಿ. ಇದನ್ನು ಅದಲುಬದಲು ಮಾಡಿ ತಪ್ಪು ತೀರ್ಮಾನಕ್ಕೆ ಬಂದವರನ್ನು ಕಂಡಿದ್ದೇನೆ. ಒಂದು ಗಂಟೆಯಲ್ಲಿ ಐದೈದು ನಿಮಿಷದ 12 ದಾಖಲೆಗಳು, ಒಂದೊಂದರಲ್ಲೂ 2 ಮಿ.ಮೀ. ಎಂದುಕೊಳ್ಳಿ. ಮೊತ್ತ 24 ಮಿ.ಮೀ., ಹೆಚ್ಚುಕಡಿಮೆ ಒಂದಿಂಚು ಮಳೆ. ಸರಾಸರಿ ಹಾಕಿದರೆ ಗ್ರಾಫ್ 2 ಎಂದು ತೋರಿಸುತ್ತದೆ. ಜಡಿಮಳೆ ತುಂತುರಾಗಿ ಕಾಣುತ್ತದೆ.

ಟೈಪ್ ಎಂಬಲ್ಲಿ ಮಳೆಗೆ ಕಾಲಮ್ ಆರಿಸಿಕೊಳ್ಳಿ. ಕಂಬಗಳ ನಡುವಿನ ಖಾಲಿ ಜಾಗವೇ ಮಳೆಯ ಬಿಡುವು. ಮದ್ದು ಹೊಡೆಯುವವನಿಗೆ ಬೇಕಾದದ್ದು ಅದೇ.

ಇಳಿಸಿಕೊಳ್ಳುವ ಮೊದಲು ಗಡಿಯಾರ ಸರಿಮಾಡಿ

ಸರ್ವರ್ ಎಲ್ಲವನ್ನೂ ಯುಟಿಸಿ, ಅಂದರೆ ಜಾಗತಿಕ ಪ್ರಮಾಣ ಸಮಯದಲ್ಲಿ ಬರೆದಿಡುತ್ತದೆ. ನಮ್ಮ ಸಮಯ ಅದಕ್ಕಿಂತ 5 ಗಂಟೆ 30 ನಿಮಿಷ ಮುಂದೆ. ಜುಲೈ 10ರ ನಡುರಾತ್ರಿ ಕಳೆದು 2 ಗಂಟೆಗೆ ಹಿಡಿದ ಮಳೆ, ಯುಟಿಸಿ ಕಡತದಲ್ಲಿ ಜುಲೈ 9ರ ರಾತ್ರಿ 8.30ರ ಸಾಲಿನಲ್ಲಿ ಕೂರುತ್ತದೆ. ದಿನವೇ ಬದಲಾಯಿತು! ನಮ್ಮಲ್ಲಿ ರಾತ್ರಿ ಮಳೆಯೇ ಹೆಚ್ಚು ಸುರಿಯುವ ವಾರಗಳಿರುತ್ತವೆ. ಆಗ ಈ ತಪ್ಪು ಪ್ರತಿ ದಿನದ ಮೊತ್ತವನ್ನೂ ಕೆಡಿಸುತ್ತದೆ. ಆದ್ದರಿಂದ ಮೊದಲು ಮೈ ಪ್ರೊಫೈಲ್ ಪುಟಕ್ಕೆ ಹೋಗಿ ಟೈಮ್ ಝೋನ್ ಅನ್ನು ಭಾರತದ್ದಕ್ಕೆ ಬದಲಿಸಿ. ಆದರೂ ಇಳಿಸಿಕೊಂಡ ಕಡತದ ಸಮಯವನ್ನು ಕಣ್ಣಾರೆ ಪರೀಕ್ಷಿಸದೆ ನಂಬಬೇಡಿ. ಮಳೆ ಶುರುವಾದ ಹೊತ್ತು ನಿಮಗೆ ಚೆನ್ನಾಗಿ ನೆನಪಿರುವ ಒಂದು ದಿನವನ್ನು ಹುಡುಕಿ ತಾಳೆ ನೋಡಿ.

ಇಡೀ ಚಾನೆಲ್ ಒಂದೇ ಕಡತದಲ್ಲಿ

ಸುಲಭದ ದಾರಿ ಇದು, ವರ್ಷಕ್ಕೆ ಎರಡು ಸಲವಾದರೂ ಮಾಡಬೇಕಾದದ್ದೂ ಇದೇ.

1. ಚಾನೆಲ್ ಪುಟದ ಮೇಲ್ಭಾಗದಲ್ಲಿ ಡೇಟಾ ಇಂಪೋರ್ಟ್ / ಎಕ್ಸ್‌ಪೋರ್ಟ್ ಎಂಬ ಟ್ಯಾಬ್ ಒತ್ತಿ.
2. ಎಕ್ಸ್‌ಪೋರ್ಟ್ ಭಾಗದಲ್ಲಿ ಟೈಮ್ ಝೋನ್ ಆರಿಸಿ.
3. ಡೌನ್‌ಲೋಡ್ ಒತ್ತಿ. ಚಾನೆಲ್ ಹುಟ್ಟಿದಂದಿನಿಂದ ಬಂದ ದಾಖಲೆಗಳು ಸಿಎಸ್‌ವಿ ಕಡತವಾಗಿ, ಅಂದರೆ ಅಂಕಿಗಳನ್ನು ಅಲ್ಪವಿರಾಮದಿಂದ ಬೇರ್ಪಡಿಸಿದ ಸಾದಾ ಪಠ್ಯವಾಗಿ ಇಳಿಯುತ್ತವೆ.
4. ಕಡತದ ಹೆಸರನ್ನು ಕೂಡಲೇ ಬದಲಿಸಿ. ನಾನು ತೋಟದ ಹೆಸರು, ಮೊದಲ ದಿನಾಂಕ, ಕೊನೆಯ ದಿನಾಂಕ ಮೂರನ್ನೂ ಸೇರಿಸುತ್ತೇನೆ.

ಇಂಪೋರ್ಟ್ ಭಾಗವೂ ಅದೇ ಪುಟದಲ್ಲಿದೆ ಎಂಬುದನ್ನು ಗಮನದಲ್ಲಿಡಿ. ಅವಸರದಲ್ಲಿ ಹಳೆಯ ಕಡತವನ್ನೇ ಮತ್ತೆ ಚಾನೆಲ್ಲಿಗೆ ಏರಿಸಿಬಿಡಬೇಡಿ. ಇನ್ನೂ ಅಪಾಯದ್ದು ಚಾನೆಲ್ ಸೆಟ್ಟಿಂಗ್ಸ್ ಪುಟದ ಕೆಳಗಿರುವ ಕ್ಲಿಯರ್ ಚಾನೆಲ್ ಗುಂಡಿ. ಅದನ್ನು ಒತ್ತಿದರೆ ಎಲ್ಲ ದಾಖಲೆಗಳೂ ಅಳಿಯುತ್ತವೆ. ಸೆನ್ಸರ್ ಬದಲಾಯಿಸಿದಾಗ ಹೊಸದಾಗಿ ಶುರುಮಾಡೋಣ ಎಂದು ಅದನ್ನು ಒತ್ತುವವರಿದ್ದಾರೆ. ಹಾಗೆ ಮಾಡಬೇಡಿ. ಹೊಸ ಸೆನ್ಸರಿಗೆ ಹೊಸ ಫೀಲ್ಡ್ ಕೊಡಿ, ಹಳೆಯದು ಹಾಗೇ ಇರಲಿ.

ಮಳೆನಕ್ಷತ್ರಕ್ಕೊಂದು ಕಡತ

ಇಡೀ ಚಾನೆಲ್ಲಿನ ಕಡತ ಎರಡನೆಯ ವರ್ಷಕ್ಕೇ ಭಾರವಾಗುತ್ತದೆ. ಐದು ನಿಮಿಷಕ್ಕೊಂದರಂತೆ ದಿನಕ್ಕೆ 288 ಸಾಲು, ವರ್ಷಕ್ಕೆ 1,05,120. ಬೇಕಾದ ಅವಧಿಯನ್ನು ಮಾತ್ರ ತರಿಸಿಕೊಳ್ಳಲು ವೆಬ್ ವಿಳಾಸದ ದಾರಿ ಇದೆ. ಆದರೆ ಒಂದು ಸಲಕ್ಕೆ 8000 ದಾಖಲೆಗಳಿಗಿಂತ ಹೆಚ್ಚು ಬರುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ 122 ದಿನಕ್ಕೆ 35,136 ಸಾಲು. ಒಂದೇ ಸಲ ಕೇಳಿದರೆ ಕಾಲು ಭಾಗವೂ ಸಿಗದು.

ತಿಂಗಳಿಗೊಂದರಂತೆ ಕತ್ತರಿಸಿದರೂ 30 ದಿನಕ್ಕೆ 8640 ಆಗಿ ಮಿತಿ ಮೀರುತ್ತದೆ. ತುಸು ಯೋಚಿಸಿದ ಮೇಲೆ ಹೊಳೆದದ್ದು ನಮ್ಮದೇ ಹಳೆಯ ಅಳತೆ. ಮಳೆನಕ್ಷತ್ರವೊಂದು ಸುಮಾರು 14 ದಿನ. 14 ದಿನಕ್ಕೆ 4032 ಸಾಲು. ಹಿಂದೊಂದು ಮುಂದೊಂದು ದಿನ ಹೆಚ್ಚಾಗಿ ಸೇರಿಸಿದರೂ 4608. ಮಿತಿಯೊಳಗೆ ಆರಾಮಾಗಿ ಕೂರುತ್ತದೆ. ಅಪ್ಪನ ಪುಸ್ತಕವೂ ನಕ್ಷತ್ರದ ಲೆಕ್ಕದಲ್ಲೇ ಇರುವುದರಿಂದ ಹೊಸದನ್ನು ಹಳೆಯದರ ಪಕ್ಕಕ್ಕಿಟ್ಟು ನೋಡಬಹುದು. ಮೃಗಶಿರಾ ಜೂನ್ 7–8ಕ್ಕೆ, ಆರಿದ್ರಾ 21–22ಕ್ಕೆ, ಪುನರ್ವಸು ಜುಲೈ 5–6ಕ್ಕೆ, ಪುಷ್ಯ 19–20ಕ್ಕೆ, ಆಶ್ಲೇಷಾ ಆಗಸ್ಟ್ 2–3ಕ್ಕೆ, ಮಘಾ 16–17ಕ್ಕೆ ಹುಟ್ಟುತ್ತದೆ. ಆಯಾ ವರ್ಷದ ದಿನವನ್ನು ಪಂಚಾಂಗದಲ್ಲಿ ನೋಡಿಕೊಳ್ಳಿ.

ಈಗ ಕೆಲಸ. ಚಾನೆಲ್ಲಿನ ಎಪಿಐ ಕೀಸ್ ಟ್ಯಾಬ್ ತೆರೆಯಿರಿ. ಬಲಬದಿಯಲ್ಲಿ ಮಾದರಿ ವಿಳಾಸಗಳಿರುತ್ತವೆ. ಅವುಗಳಲ್ಲಿ ರೀಡ್ ಎ ಚಾನೆಲ್ ಫೀಡ್ ಎಂಬುದರ ಕೆಳಗಿನ ವಿಳಾಸವನ್ನು ನಕಲಿಸಿ, ಬ್ರೌಸರಿನಲ್ಲಿ ಅಂಟಿಸಿ. ಅದರಲ್ಲಿ ಫೀಡ್ಸ್ ಎಂಬ ಪದದ ನಂತರ ಚುಕ್ಕಿಯಿಟ್ಟು ಜೇಸನ್ ಎಂದಿರುವ ಜಾಗದಲ್ಲಿ ಸಿಎಸ್‌ವಿ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬದಲಿಸಿ. ಕೊನೆಯಲ್ಲಿರುವ ರಿಸಲ್ಟ್ಸ್ ತುಂಡನ್ನು ತೆಗೆದು, ಅಲ್ಲಿ ಸ್ಟಾರ್ಟ್ ಮತ್ತು ಎಂಡ್ ಎಂಬ ಎರಡು ತುಂಡು ಸೇರಿಸಿ. ಪ್ರತಿ ಪದದ ಮುಂದೆ ಸಮ ಚಿಹ್ನೆ, ಆಮೇಲೆ 2025-07-18%2000:00:00 ಹೀಗೆ ದಿನಾಂಕ ಮತ್ತು ಸಮಯ. ನಡುವೆ ಇರುವ %20 ಎಂಬುದು ಖಾಲಿ ಜಾಗದ ಬದಲಿಗೆ, ಅದನ್ನು ಬಿಡಬೇಡಿ. ಎರಡು ತುಂಡುಗಳ ನಡುವೆ & ಚಿಹ್ನೆ ಬೇಕು. ಎಂಟರ್ ಒತ್ತಿದರೆ ಕಡತ ಇಳಿಯುತ್ತದೆ.

ಚಾನೆಲ್ ಖಾಸಗಿಯಾಗಿದ್ದರೆ ಆ ವಿಳಾಸದಲ್ಲಿ ನಿಮ್ಮ ರೀಡ್ ಕೀ, ಅಂದರೆ ದಾಖಲೆ ಓದಲು ಮಾತ್ರ ಬಿಡುವ ಗುಪ್ತ ಸಂಕೇತ ಇರುತ್ತದೆ. ಕೃಷಿ ಓದುವ ಹುಡುಗರು, ನೆರೆಯವರು ಕೇಳಿದರೆ ರೀಡ್ ಕೀ ಕೊಡಬಹುದು. ರೈಟ್ ಕೀಯನ್ನು ಯಾರಿಗೂ ಕೊಡಬೇಡಿ. ಅದು ಕೈಯಲ್ಲಿರುವವರು ನಿಮ್ಮ ಮಳೆಯ ಲೆಕ್ಕಕ್ಕೆ ತಮ್ಮ ಅಂಕಿಗಳನ್ನು ಸೇರಿಸಬಹುದು.

ಇಳಿದ ಕೂಡಲೇ ಮೊದಲ ಸಾಲು ಮತ್ತು ಕೊನೆಯ ಸಾಲಿನ ಸಮಯ ನೋಡಿ. ಕೇಳಿದ ಅವಧಿ ಪೂರ್ತಿ ಬಂದಿದೆಯೇ ಎಂದು ಖಚಿತಪಡಿಸಿಕೊಳ್ಳುವ ಮಾರ್ಗ ಇದೇ.

ಹಾಳೆಯಲ್ಲಿ ತೆರೆಯುವಾಗ

ಎಕ್ಸೆಲ್ ಆದರೆ ಕಡತದ ಮೇಲೆ ನೇರವಾಗಿ ಕ್ಲಿಕ್ ಮಾಡಬೇಡಿ. ಡೇಟಾ ಮೆನುವಿನ ಫ್ರಮ್ ಟೆಕ್ಸ್ಟ್ / ಸಿಎಸ್‌ವಿ ಮೂಲಕ ತೆರೆದು, ಅಕ್ಷರ ಸಂಕೇತ 65001, ಅಂದರೆ ಯುಟಿಎಫ್-8 ಆರಿಸಿ. ಇಲ್ಲವಾದರೆ ಕಡತದಲ್ಲಿ ಕನ್ನಡದ ಅಕ್ಷರಗಳಿದ್ದರೆ ಅವು ಓದಲಾಗದ ಗುರುತುಗಳಾಗಿ ಬರುತ್ತವೆ. ಲಿಬ್ರೆ ಆಫೀಸ್ ಕ್ಯಾಲ್ಕ್ ಇದನ್ನು ತೆರೆಯುವಾಗಲೇ ಕೇಳುತ್ತದೆ. ಉಚಿತವೂ ಹೌದು, ನನ್ನ ಮೆಚ್ಚಿನದೂ ಹೌದು.

ಕ್ರಿಯೇಟೆಡ್ ಅಟ್ ಎಂಬ ಮೊದಲ ಕಂಬಸಾಲಿನಲ್ಲಿ ಸಮಯ ಇರುತ್ತದೆ. ಕೊನೆಯಲ್ಲಿ ಯುಟಿಸಿ ಎಂದೋ +05:30 ಎಂದೋ ಬಾಲವಿರುವುದರಿಂದ ಹಾಳೆ ಅದನ್ನು ದಿನಾಂಕವೆಂದು ಗುರುತಿಸದೆ ಬರೀ ಅಕ್ಷರಗಳೆಂದು ತಿಳಿಯುತ್ತದೆ. ಪಕ್ಕದಲ್ಲಿ ಹೊಸ ಕಂಬಸಾಲು ಮಾಡಿ, ಲೆಫ್ಟ್ ಸೂತ್ರದಿಂದ ಮೊದಲ 19 ಅಕ್ಷರ ಮಾತ್ರ ಉಳಿಸಿಕೊಳ್ಳಿ. ದಿನಾಂಕ ಮತ್ತು ಸಮಯದ ನಡುವೆ ಟಿ ಅಕ್ಷರ ಇದ್ದರೆ ಸಬ್‌ಸ್ಟಿಟ್ಯೂಟ್ ಸೂತ್ರದಿಂದ ಅದನ್ನು ಖಾಲಿ ಜಾಗವಾಗಿಸಿ, ಆಮೇಲೆ ವ್ಯಾಲ್ಯೂ ಸೂತ್ರ ಹಾಕಿ. ಬಾಲ ಯುಟಿಸಿ ಎಂದಿದ್ದರೆ ಬಂದ ಬೆಲೆಗೆ 5.5/24 ಕೂಡಿಸಿ. ಅದು ನಮ್ಮ ಸಮಯ.

ಇನ್ನೊಂದು ಮುಖ್ಯ ವಿಷಯ. ಭಾರತೀಯ ಹವಾಮಾನ ಇಲಾಖೆಯ ಮಳೆದಿನ ನಡುರಾತ್ರಿಗೆ ಶುರುವಾಗುವುದಿಲ್ಲ. ಬೆಳಿಗ್ಗೆ 8.30ರಿಂದ ಮರುದಿನ ಬೆಳಿಗ್ಗೆ 8.30ರವರೆಗಿನ ಮಳೆಯನ್ನು ಕೊನೆಗೊಂಡ ದಿನದ ಲೆಕ್ಕಕ್ಕೆ ಬರೆಯುತ್ತಾರೆ. ಪತ್ರಿಕೆಯಲ್ಲಿ ಬರುವ ಆಗುಂಬೆಯ ಅಂಕಿಯ ಪಕ್ಕ ನಿಮ್ಮದನ್ನು ಇಡಬೇಕೆಂದರೆ ನಿಮ್ಮ ದಿನವೂ ಹಾಗೆಯೇ ಇರಬೇಕು. ಸೂತ್ರ ಸುಲಭ: ಯುಟಿಸಿ ಸಮಯಕ್ಕೆ 21 ಗಂಟೆ, ಅಂದರೆ 0.875 ಕೂಡಿಸಿ, ಪೂರ್ಣಾಂಕ ಭಾಗ ಮಾತ್ರ ಉಳಿಸಿಕೊಳ್ಳಿ. ನಮ್ಮ ಸಮಯದಲ್ಲಿ ಇದ್ದರೆ ಕೂಡಿಸಬೇಕಾದದ್ದು 15.5/24. ಜುಲೈ 10ರ ಬೆಳಿಗ್ಗೆ 8.30ಕ್ಕೆ ಬಿದ್ದ ಹನಿ ಆಗ ಜುಲೈ 11ರ ಖಾತೆಗೆ ಸರಿಯಾಗಿ ಹೋಗುತ್ತದೆ. ಈ ಮಳೆದಿನದ ಮೊತ್ತ 64.5 ಮಿ.ಮೀ. ದಾಟಿದರೆ ಇಲಾಖೆಯ ಭಾಷೆಯಲ್ಲಿ ಭಾರಿ ಮಳೆ, 115.6ರಿಂದ ಅತಿ ಭಾರಿ, 204.5ರಿಂದ ಅತ್ಯಂತ ಭಾರಿ.

ಕೊನೆಗೆ ಪಿವಟ್ ಟೇಬಲ್, ಅಂದರೆ ಸಾಲುಗಳನ್ನು ದಿನವಾರು ಒಟ್ಟುಗೂಡಿಸುವ ಸಾರಾಂಶದ ಪಟ್ಟಿ ಮಾಡಿ. ಸಾಲುಗಳಲ್ಲಿ ಮಳೆದಿನ, ಬೆಲೆಗಳಲ್ಲಿ ಮಳೆಯ ಮೊತ್ತ, ಉಷ್ಣತೆಯ ಸರಾಸರಿ, ಮತ್ತು ಮರೆಯದೆ, ದಾಖಲೆಗಳ ಎಣಿಕೆ.

ಸುಳ್ಳು ಹೇಳುವ ಸಾಲುಗಳು

ಎಣಿಕೆಯನ್ನು ಸೇರಿಸಿ ಎಂದದ್ದಕ್ಕೆ ಕಾರಣವಿದೆ. ಮಲೆನಾಡಿನಲ್ಲಿ ಮಳೆ ಜೋರಾದಾಗಲೇ ಕರೆಂಟು ಹೋಗುವುದು, ನೆಟ್‌ವರ್ಕ್ ಸಾಯುವುದು. ಅಂದರೆ ನಮಗೆ ಅತಿ ಹೆಚ್ಚು ಬೇಕಾದ ಗಂಟೆಗಳ ದಾಖಲೆಯೇ ಇಲ್ಲವಾಗುತ್ತದೆ. ದಿನಕ್ಕೆ 288 ಇರಬೇಕಾದ ಎಣಿಕೆ 200 ಇದ್ದರೆ 88 ದಾಖಲೆ, ಅಂದರೆ 7 ಗಂಟೆ 20 ನಿಮಿಷ ಕಾಣೆ. ಆ ದಿನದ ಮೊತ್ತವನ್ನು ಕಡಿಮೆ ಮಳೆ ಎಂದು ಓದಬಾರದು. ಖಾಲಿ ಬೇರೆ, ಸೊನ್ನೆ ಬೇರೆ. ಖಾಲಿ ಇರುವಲ್ಲಿ ಎಂದೂ ಸೊನ್ನೆ ತುಂಬಬೇಡಿ.

ಇದಕ್ಕೆ ಮೂಲದಲ್ಲೇ ಒಂದು ಪರಿಹಾರವಿದೆ. ಯಂತ್ರ ಪ್ರತಿ ಐದು ನಿಮಿಷದ ಮಳೆಯನ್ನು ಮಾತ್ರ ಕಳಿಸುತ್ತಿದ್ದರೆ ತಪ್ಪಿದ ದಾಖಲೆಯೊಂದಿಗೆ ಆ ಮಳೆಯೂ ಹೋಯಿತು. ಬದಲಿಗೆ ಏರುತ್ತಲೇ ಹೋಗುವ ಒಟ್ಟು ಎಣಿಕೆಯನ್ನು ಕಳಿಸುವಂತೆ ಮಾಡಿಸಿ. ಬ್ಯಾಟರಿ ಇದ್ದು ನೆಟ್‌ವರ್ಕ್ ಮಾತ್ರ ಹೋದರೆ, ಮರಳಿ ಬಂದಾಗ ನಡುವಿನ ಮಳೆಯ ಮೊತ್ತ ಸಿಕ್ಕೇ ಸಿಗುತ್ತದೆ. ಆಗ ಹಾಳೆಯಲ್ಲಿ ಪ್ರತಿ ಸಾಲಿನಿಂದ ಹಿಂದಿನ ಸಾಲನ್ನು ಕಳೆಯಬೇಕು, ಗ್ರಾಫಿನ ಸಮ್ ಆಯ್ಕೆಯನ್ನು ಬಳಸಬಾರದು. ಯಂತ್ರ ಮರುಚಾಲನೆಯಾದಾಗ ಎಣಿಕೆ ಸೊನ್ನೆಗೆ ಇಳಿದು ಉತ್ತರ ಋಣಾತ್ಮಕವಾಗಿ ಬರುತ್ತದೆ. ಅಂಥ ಸಾಲಿನಲ್ಲಿ ಕಳೆಯದೆ ಹೊಸ ಅಂಕಿಯನ್ನೇ ಇಟ್ಟುಕೊಳ್ಳಿ.

ಇನ್ನು ಮಗುಚುವ ಬಟ್ಟಲಿನ ಅಳತೆ. ಮಳೆಮಾಪಕದೊಳಗಿನ ಚಿಕ್ಕ ಬಟ್ಟಲು ತುಂಬಿ ಮಗುಚಿದಾಗೊಮ್ಮೆ ಒಂದು ಎಣಿಕೆ. ಕೆಲವು ಮಾಪಕಗಳಲ್ಲಿ ಒಂದು ಮಗುಚು 0.2 ಮಿ.ಮೀ., ಕೆಲವದರಲ್ಲಿ 0.2794 ಮಿ.ಮೀ. ನೂರು ಮಗುಚಿಗೆ ಒಂದರಲ್ಲಿ 20, ಇನ್ನೊಂದರಲ್ಲಿ 27.94. ಪೆಟ್ಟಿಗೆಯ ಜೊತೆ ಬಂದ ಕಾಗದ ನೋಡಿ ಗುಣಾಕಾರ ಸರಿಯಾಗಿದೆಯೇ ಎಂದು ತಿಳಿದುಕೊಳ್ಳಿ. ತಪ್ಪಿದ್ದರೆ ಹಳೆಯ ಕಡತವನ್ನು ತಿದ್ದಬೇಡಿ. ಪಕ್ಕದಲ್ಲಿ ಹೊಸ ಕಂಬಸಾಲು ಮಾಡಿ ಸರಿಪಡಿಸಿ. ಮೂಲ ಕಡತವನ್ನು ಯಾರೂ, ನೀವೂ, ಮುಟ್ಟಬಾರದು.

ಉಷ್ಣತೆಗೆ ಡಿಎಸ್18ಬಿ20 ಸೆನ್ಸರ್ ಬಳಸಿದ್ದರೆ 85 ಮತ್ತು −127 ಎಂಬ ಎರಡು ಅಂಕಿಗಳನ್ನು ಹುಡುಕಿ ತೆಗೆಯಿರಿ. ಮೊದಲನೆಯದು ವಿದ್ಯುತ್ ಬಂದ ಕೂಡಲೇ ಅಳೆಯುವ ಮೊದಲೇ ಓದಿದ್ದರಿಂದ ಬರುವುದು, ಎರಡನೆಯದು ತಂತಿ ಬಿಟ್ಟುಹೋಗಿರುವುದರ ಗುರುತು. ತೋಟದಲ್ಲಿ 85 ಡಿಗ್ರಿ ಇರುವುದು ಸಾಧ್ಯವಿಲ್ಲ ಎಂದು ನಮಗೆ ಗೊತ್ತು, ಸರಾಸರಿಗೆ ಗೊತ್ತಿಲ್ಲ. ಅಗ್ಗದ ತೇವ ಸೆನ್ಸರ್‌ಗಳು ಆಷಾಢದ ಜಡಿಯಲ್ಲಿ 99.9ಕ್ಕೆ ಏರಿ ದಿನಗಟ್ಟಲೆ ಅಲ್ಲೇ ನಿಂತರೂ ಅನುಮಾನಿಸಿ. ಬಿಸಿಲು ಬಂದ ಮಧ್ಯಾಹ್ನವೂ ಇಳಿಯದಿದ್ದರೆ ಸೆನ್ಸರ್ ಒಳಗೇ ನೀರು ಹಿಡಿದಿದೆ.

ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಸ್ವಯಂಚಾಲಿತ ಮಳೆಮಾಪಕಗಳು ಗ್ರಾಮ ಪಂಚಾಯಿತಿಗಳಲ್ಲಿವೆ. ನಿಮ್ಮ ಪಂಚಾಯಿತಿಯ ದಿನದ ಅಂಕಿಯೊಡನೆ ನಿಮ್ಮದನ್ನು ಹೋಲಿಸಿ. ಒಂದು ಗುಡ್ಡ ದಾಟಿದರೆ ಮಳೆ ಬದಲಾಗುವ ಊರು ನಮ್ಮದು, ಎರಡೂ ಒಂದೇ ಆಗಿರಬೇಕಿಲ್ಲ. ಆದರೆ ಅಲ್ಲಿ 90 ಮಿ.ಮೀ., ನಿಮ್ಮಲ್ಲಿ 4 ಮಿ.ಮೀ. ಎಂದು ಎರಡು ದಿನ ಬಂದರೆ ಮಾಪಕದ ಬಾಯಿಗೆ ಎಲೆ ಸಿಕ್ಕಿಕೊಂಡಿರುತ್ತದೆ. ಹೋಗಿ ತೆಗೆಯಿರಿ.

ಬೇರೆ ವೇದಿಕೆ ಬಳಸುವವರಿಗೆ

ಮನೆಯ ಯಂತ್ರಗಳನ್ನು ನಿರ್ವಹಿಸುವ ಹೋಮ್ ಅಸಿಸ್ಟೆಂಟ್ ತಂತ್ರಾಂಶ ಬಳಸುವವರು ಮೈಮರೆಯಬಾರದು. ಅದು ಪೂರ್ಣ ವಿವರದ ದಾಖಲೆಯನ್ನು ತಾನಾಗಿ 10 ದಿನ ಮಾತ್ರ ಇಡುತ್ತದೆ. ಆಮೇಲೆ ಉಳಿಯುವುದು ಗಂಟೆಗೊಂದು ಸಾರಾಂಶ. ರೆಕಾರ್ಡರ್ ಸೆಟ್ಟಿಂಗ್‌ನಲ್ಲಿ ದಿನಗಳನ್ನು ಹೆಚ್ಚಿಸಿ, ಅಥವಾ ಹತ್ತು ದಿನದೊಳಗೆ ಹಿಸ್ಟರಿ ಪುಟದಿಂದ ಇಳಿಸಿಕೊಳ್ಳಿ. ಅಂಕಿಗಳನ್ನು ಗ್ರಾಫಾಗಿ ತೋರಿಸುವ ಗ್ರಫಾನಾ ತಂತ್ರಾಂಶದಲ್ಲಿ ಫಲಕದ ಮೆನುವಿನಿಂದ ಇನ್‌ಸ್ಪೆಕ್ಟ್, ಆಮೇಲೆ ಡೇಟಾ, ಆಮೇಲೆ ಡೌನ್‌ಲೋಡ್ ಸಿಎಸ್‌ವಿ. ಅಲ್ಲಿ ಇಳಿಯುವುದು ಫಲಕದಲ್ಲಿ ಕಾಣುತ್ತಿರುವ ಅಂಕಿಗಳೇ. ಮೂರು ತಿಂಗಳನ್ನು ಒಟ್ಟಿಗೆ ತೆರೆದಿದ್ದರೆ ಗಂಟೆಗಟ್ಟಲೆ ಅವಧಿಯ ಸರಾಸರಿಗಳು ಇಳಿಯಬಹುದು. ಅವಧಿಯನ್ನು ಚಿಕ್ಕದು ಮಾಡಿ ತುಂಡು ತುಂಡಾಗಿ ತೆಗೆಯಿರಿ.

ಕಡತದ ಜೊತೆ ಒಂದು ಚೀಟಿ

ಕಡತಗಳ ಜೊತೆ ಸಾದಾ ಪಠ್ಯ ಕಡತವೊಂದನ್ನು ಇಡಿ. ಯಾವ ಫೀಲ್ಡ್ ಯಾವುದರ ಅಳತೆ, ಮಾನ ಯಾವುದು, ಒಂದು ಮಗುಚಿಗೆ ಎಷ್ಟು ಮಿ.ಮೀ., ಸಮಯ ಯುಟಿಸಿಯೋ ನಮ್ಮದೋ, ಸೆನ್ಸರ್ ಯಾವ ದಿನ ಬದಲಾಯಿತು, ಮಾಪಕವನ್ನು ಯಾವ ದಿನ ತೊಳೆದಿರಿ, ಕೊನೆಗಾರ ಯಾವ ದಿನ ಮದ್ದು ಹೊಡೆದ. ಐದು ವರ್ಷದ ನಂತರ ಫೀಲ್ಡ್ 3 ಎಂದು ಮಾತ್ರ ಕಂಡರೆ ಅದು ಮಣ್ಣಿನ ತೇವವೋ ಗಾಳಿಯ ತೇವವೋ ಎಂದು ಯಾರಿಗೂ ತಿಳಿಯುವುದಿಲ್ಲ. ಒಂದು ಪ್ರತಿ ಕಂಪ್ಯೂಟರಿನಲ್ಲಿ, ಒಂದು ಪೆನ್‌ಡ್ರೈವ್‌ನಲ್ಲಿ, ಒಂದು ಊರಿನ ಹೊರಗಿರುವ ಮನೆಯವರ ಬಳಿ. ನನ್ನದು ಶಿವಮೊಗ್ಗದಲ್ಲಿರುವ ಅಕ್ಕನ ಕಂಪ್ಯೂಟರಿನಲ್ಲಿದೆ.

ನಕ್ಷತ್ರ ಬದಲಾದ ಮರುದಿನ ಬೆಳಿಗ್ಗೆ 8.30 ಕಳೆದ ಮೇಲೆ ನಾನು ಈ ಕೆಲಸಕ್ಕೆ ಕೂರುತ್ತೇನೆ. ಇಳಿಸುವುದು, ಎಣಿಕೆ ನೋಡುವುದು, ಮೂಲವನ್ನು ಬೇರೆಯಿಟ್ಟು ಹಾಳೆಯಲ್ಲಿ ಮೊತ್ತ ತೆಗೆಯುವುದು, ಎಲ್ಲ ಸೇರಿ ಅರ್ಧ ಗಂಟೆ. ಕೊನೆಗೆ ಬಂದ ಮೊತ್ತವನ್ನು 25.4ರಿಂದ ಭಾಗಿಸಿ ಇಂಚಿಗೆ ತಂದು, ಅಪ್ಪನ ಪುಸ್ತಕದಲ್ಲಿ ಆ ನಕ್ಷತ್ರದ ಎದುರು ಶಾಯಿಯಲ್ಲಿ ಬರೆಯುತ್ತೇನೆ. ದಾಖಲೆ ಕಾಣೆಯಾದ ಗಂಟೆಗಳಿದ್ದರೆ ಪಕ್ಕದಲ್ಲಿ ಅದನ್ನೂ ಬರೆಯುತ್ತೇನೆ.